ಬೇಟೆಯ ಗುಂಡು ‘ಅರಳುತ್ತದೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಒಂದು ಪದ ಕೇಳೋಣ ಅಂತ ಶುರು ಮಾಡಿದೆ, ಬರೆಯುತ್ತಾ ನಾಲ್ಕಾಯಿತು.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ನವೆಂಬರ್ ಕೊನೆಗೆ ಇಲ್ಲಿ ಒಂಬತ್ತು ದಿನ ಕೋವಿಯಲ್ಲಿ ಜಿಂಕೆ ಬೇಟೆ. ಊರಿಗೆ ಊರೇ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡು ಹೊಕ್ಕುತ್ತದೆ. ಯಾವ ಗುಂಡು ತಗೋಬೇಕು, ಯಾಕೆ ಅಂತ ಪಕ್ಕದ ಮನೆಯವರು ಒಂದು ಸಂಜೆಯೆಲ್ಲ ಹೇಳಿದರು. ಅದನ್ನು ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನಿಗೆ ಬರೆಯೋಣ ಅಂತ ಕೂತೆ. ದೊಡ್ಡಪ್ಪನ ಹತ್ತಿರ ಬೆಳೆ ಕಾಯಲು ಲೈಸೆನ್ಸ್ ಕೋವಿ ಇದೆ. (ಚುನಾವಣೆ ಬಂದಾಗಲೆಲ್ಲ ಅದು ಪೊಲೀಸ್ ಠಾಣೆಯಲ್ಲಿ ಹೋಗಿ ಕೂರುತ್ತದೆ.) ಎರಡನೇ ಸಾಲಿಗೇ ಕನ್ನಡ ಕೈಕೊಟ್ಟಿತು.

ಮೊದಲು ‘ಗುಂಡು’. ಗುಂಡಗಿದ್ದದ್ದು ಗುಂಡು. ಕೇಪಿನ ಕೋವಿಗೆ (ಕೇಪು ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ) ಮದ್ದು ತುಂಬಿ, ಮೇಲೆ ಸೀಸದ ಉಂಡೆ ಇಳಿಸುತ್ತಿದ್ದ ಕಾಲಕ್ಕೆ ಅದು ಸರಿ. ಈಗಿನದು ಚೂಪು ಮೂತಿಯ ಉದ್ದನೆ ಕಡ್ಡಿ. ಹೆಸರು ಮಾತ್ರ ಹಳೆಯದೇ, ಇರಲಿ ಬಿಡಿ. ತೊಂದರೆ ಬೇರೆ ಕಡೆ ಇದೆ. ಕೋವಿಗೆ ಹಾಕುವ ಇಡೀ ಸಾಮಾನು, ಅಂದರೆ ಹಿತ್ತಾಳೆ ಕೊಳವೆ, ಕೇಪು, ಮದ್ದು, ತುದಿಯ ಗುಂಡು ಎಲ್ಲ ಸೇರಿದ್ದು ‘ತೋಟಾ’. ಹಾರಿ ಹೋಗುವುದು ‘ಗುಂಡು’. 1857ರ ಕೊಬ್ಬು ಸವರಿದ ತೋಟಾ ಕಥೆ ಶಾಲೆಯಲ್ಲಿ ಓದಿದ್ದೇವಲ್ವಾ? ಅದು ಮದ್ದು, ಗುಂಡು ಎರಡನ್ನೂ ಸುತ್ತಿಟ್ಟ ಕಾಗದದ ಪೊಟ್ಟಣ. ಈಗಿನ ಪತ್ರಿಕೆಗಳು ಎರಡನ್ನೂ ಕಲಸಿ ‘ಐದು ಜೀವಂತ ಗುಂಡು ವಶ’ ಅಂತ ಬರೆಯುತ್ತವೆ. ಓದಿದಾಗಲೆಲ್ಲ ಆ ಐದೂ ಉಸಿರಾಡುತ್ತಿವೆಯೇನೋ ಅನ್ನಿಸುತ್ತದೆ. ‘ಹಾರದ ತೋಟಾ’ ಅಂದರೆ ಸಾಲದಾ? ಬೆಳಗಾವಿ ಕಡೆಯ ಗೆಳೆಯರೊಬ್ಬರು ಇದಕ್ಕೆ ‘ಕಾಡತೂಸು’ ಅನ್ನುತ್ತಾರೆ. ಮರಾಠಿಯಿಂದ ಬಂದದ್ದು. ಚರೆಯ ವಿಷಯದಲ್ಲಿ ಗೊಂದಲ ಇಲ್ಲ, ಸಣ್ಣ ಕಾಳು ಕಾಳು ಇದ್ದರೆ ಅದು ಚರೆ.

ತೂಕದ್ದು ಮಾತ್ರ ಸಲೀಸಾಗಿ ಬಗೆಹರಿಯಿತು. ಇಲ್ಲಿ ಗುಂಡನ್ನು ‘ಗ್ರೇನ್’ ಲೆಕ್ಕದಲ್ಲಿ ತೂಗುತ್ತಾರೆ. ಪಕ್ಕದ ಮನೆಯವರ ಥರ್ಟಿ ಆಟ್ ಸಿಕ್ಸ್ ರೈಫಲ್ಲಿನ ಗುಂಡು 180 ಗ್ರೇನ್. ಬ್ರಿಟಿಷರು ನಮ್ಮ ತೊಲೆಗೆ ಕಟ್ಟಿದ ಲೆಕ್ಕವೂ ಸರಿಯಾಗಿ 180 ಗ್ರೇನೇ! ‘ಒಂದು ತೊಲೆ ಗುಂಡು’ ಅಂತ ಬರೆದೆ. ಅಕ್ಕಸಾಲಿಗರ ತಕ್ಕಡಿ ನೋಡಿದ ದೊಡ್ಡಪ್ಪನಿಗೆ ಬೇರೆ ವಿವರಣೆ ಬೇಡ.

ಈಗ ನಿಜವಾದ ಪ್ರಶ್ನೆ. ಬೇಟೆಯ ಗುಂಡಿನ ಗುಣ ಗೊತ್ತಾಗುವುದು ಅದು ಪ್ರಾಣಿಗೆ ತಾಗಿದ ಮೇಲೆ. ಮೂತಿ ಹರಡಿಕೊಂಡು ಅಗಲವಾಗಬೇಕು, ಆದರೂ ಆಳಕ್ಕೆ ಇಳಿಯಬೇಕು. ಹತ್ತಿರದಿಂದ ಹೊಡೆದರೆ ವೇಗ ಜಾಸ್ತಿಯಾಗಿ ಮೆದು ಗುಂಡು ಮೇಲ್ಗಡೆಯೇ ಪುಡಿಯಾಗಬಹುದು. ದೂರ ಹೋಗಿ ವೇಗ ಇಳಿದರೆ ಮೂತಿ ಬಿಚ್ಚುವುದೇ ಇಲ್ಲ, ಸೂಜಿಯ ಹಾಗೆ ತೂರಿ ಹೋಗುತ್ತದೆ. ಈ ಹರಡಿಕೊಳ್ಳುವುದಕ್ಕೆ ನಾನು ‘ಅರಳು’ ಅಂತ ಬರೆದೆ. ‘ಉಬ್ಬು’ ಅಂದರೆ ಪೂರಿ ನೆನಪಾಗುತ್ತದೆ, ‘ಹಿಗ್ಗು’ ಅಂದರೆ ಗುಂಡಿಗೆ ಖುಷಿಯಾದ ಹಾಗೆ. ಜಿಂಕೆಯ ಮೈಯಿಂದ ತೆಗೆದ ಎರಡು ಗುಂಡುಗಳನ್ನು ಪಕ್ಕದ ಮನೆಯವರು ನನ್ನ ಅಂಗೈ ಮೇಲಿಟ್ಟರು. ಸೀಸದ್ದು ಥೇಟ್ ನಾಯಿಕೊಡೆ. ಬರೀ ತಾಮ್ರದ್ದು ನಾಲ್ಕು ಎಸಳು ಬಿಚ್ಚಿಕೊಂಡು ದೊಡ್ಡ ಲವಂಗದ ಹಾಗಿತ್ತು. ಅದನ್ನು ಕಂಡ ಮೇಲೆ ‘ಅರಳು’ ಬಿಡಲು ಮನಸ್ಸಿಲ್ಲ. ಆದರೆ ಕೊಲ್ಲುವ ವಸ್ತುವಿಗೆ ಹೂವಿನ ಮಾತು ಯಾಕೋ ಚುಚ್ಚುತ್ತದೆ. ಹೀಗೆ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದು ಅಂತ 1899ರಲ್ಲೇ ಹೇಗ್‌ನಲ್ಲಿ ಒಪ್ಪಂದವಾಯಿತು. ಅಂಥ ಗುಂಡಿಗೆ ‘ಡಮ್‌ಡಮ್’ ಅಂತ ಹೆಸರು ಬಂದದ್ದು ಕೋಲ್ಕತ್ತದ ಹತ್ತಿರದ ಡಮ್‌ಡಮ್ ಕಾರ್ಖಾನೆಯಿಂದ. ಬೇಟೆಯಲ್ಲಿ ಮಾತ್ರ ಅದೇ ಬೇಕು, ಪ್ರಾಣಿ ನರಳದೆ ಬೇಗ ಸಾಯಲಿ ಅಂತ.

ಸೀಸದ ಗುಂಡಿನ ಮೇಲಿರುವ ತಾಮ್ರದ ಹೊದಿಕೆಗೆ ‘ಸಿಪ್ಪೆ’, ಒಳಗಿನ ಸೀಸಕ್ಕೆ ‘ತಿರುಳು’ ಅಂದೆ. ಕಳಪೆ ಗುಂಡಿನಲ್ಲಿ ಸಿಪ್ಪೆ ತಿರುಳನ್ನು ಬಿಟ್ಟುಕೊಳ್ಳುತ್ತದೆ. ಒಳ್ಳೆಯದರಲ್ಲಿ ಎರಡನ್ನೂ ಬೆಸೆದಿರುತ್ತಾರೆ. ಜಾನ್ ನಾಸ್ಲರ್ ಅನ್ನುವ ಅಮೆರಿಕದ ಬೇಟೆಗಾರರು ಬೇರೆ ದಾರಿ ಹಿಡಿದರು. 1946ರಲ್ಲಿ ಕೆನಡಾದಲ್ಲಿ ಅವರ ಗುಂಡು ಒಂದು ಮೂಸ್‌ಗೆ ತಾಗಿಯೂ ಒಳಗೆ ಇಳಿಯಲಿಲ್ಲ. ಮೂಸ್ ಅಂದರೆ ಕುದುರೆಗಿಂತ ಎತ್ತರದ ಕಡವೆ ಅಂದುಕೊಳ್ಳಿ. ಅವರು ಗುಂಡಿನ ನಡುವೆ ತಾಮ್ರದ ಗೋಡೆ ಇಟ್ಟರು. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಗೆ ತಳ್ಳುತ್ತದೆ. 1948ರಿಂದ ಮಾರಾಟಕ್ಕಿದೆ. ‘ನಡುಗೋಡೆ ಗುಂಡು’ ಅಂದರೆ ಹೇಗೆ?

ಕೊನೆಯದು, ‘ಪಾರು’. ಗುಂಡು ಈ ಕಡೆ ಹೊಕ್ಕು ಆ ಕಡೆ ಹೊರಟರೆ ‘ಪಾರಾಯಿತು’ ಅನ್ನಬಹುದು. ಪ್ರಾಣಿ ತಪ್ಪಿಸಿಕೊಂಡರೂ ‘ಪಾರಾಯಿತು’. ‘ತಾಗಿತು, ಆದರೆ ಪಾರಾಯಿತು’ ಅಂತ ಬರೆದರೆ ಯಾರು ಪಾರಾದದ್ದು? ‘ನಾಟಿತು’ ಅಂದರೆ ಒಳಗೇ ಉಳಿದ ಹಾಗೆ ನನ್ನ ಕಿವಿಗೆ ಕೇಳುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ನಿಲ್ಲುತ್ತಾ ಬಂತು, ಜೊತೆಗೆ ಈ ಮಾತುಗಳ ಬಳಕೆಯೂ ಕಮ್ಮಿಯಾಯಿತು. ಕೊಡಗಿನವರು, ಮಲೆನಾಡಿನವರು, ಉತ್ತರ ಕನ್ನಡದವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡುತ್ತೀರಾ? ಅದರಲ್ಲೂ ಆ ಕಡೆ ಹೊರಟ ಗುಂಡಿಗೆ ಏನಂತಾರೆ ಅಂತ. ದೊಡ್ಡಪ್ಪನ ಕಾಗದ ಆ ಸಾಲಿನಲ್ಲೇ ನಿಂತಿದೆ.