ಸಹಾಯ ಬೇಕು: ಮಂಜುಗಡ್ಡೆ ಮೇಲಿನ ಈಟಿ ಮೀನುಬೇಟೆಗೆ ಯಾವ ಕೆರೆ?

ಅಮೆರಿಕದ ಮಿನೆಸೋಟಾ ರಾಜ್ಯದ ಕೆರೆಗಳನ್ನು ಬಲ್ಲವರು ಯಾರಾದರೂ ಇದ್ದೀರಾ? ಜನವರಿ ಕೊನೆಗೆ ನಾವು ಎಂಟು ಜನ ನಾರ್ದರ್ನ್ ಪೈಕ್ ಮೀನಿನ ಬೇಟೆಗೆ ಹೊರಟಿದ್ದೇವೆ. ಗಾಳ ಅಲ್ಲ, ಈಟಿ. ಫೆಬ್ರವರಿಯ ಕೊನೆಯ ಭಾನುವಾರಕ್ಕೆ ಸೀಸನ್ ಮುಗಿಯುತ್ತೆ, ಹಾಗಾಗಿ ತುಂಬಾ ಮುಂದೂಡುವ ಹಾಗಿಲ್ಲ.

ಅರ್ಧ ಜನ ಲೀಚ್ ಲೇಕ್ ಅಂತ ಹಟ ಹಿಡಿದಿದ್ದಾರೆ. ಲಕ್ಷ ಎಕರೆಗೂ ಮೀರಿದ ಕೆರೆ ಅದು. ಜಾಗದ ಪರಿಚಯ ಇಲ್ಲದವರು ಎಲ್ಲಿ ಅಂತ ಮಂಜುಗಡ್ಡೆ ಕೊಯ್ದು ಕಿಂಡಿ ಮಾಡೋದು? ಸಣ್ಣ ಕೆರೆಯೇ ವಾಸಿ ಅಂತ ನನ್ನ ಲೆಕ್ಕ, ನೀರು ಮಾತ್ರ ತಿಳಿಯಾಗಿರಬೇಕು. ಕಿಂಡಿಯ ಮೇಲೆ ಹಾಕಿದ ಕತ್ತಲ ಗುಡಾರದೊಳಗೆ ಕೂತರೆ ಬೆಳಕು ಬರೋದು ಕೆಳಗಿನ ನೀರಿನಿಂದಷ್ಟೇ. ಎಂಟು-ಹತ್ತು ಅಡಿ ಆಳದಲ್ಲಿ ನೀರುಗಿಡಗಳ ಅಂಚು ಕಾಣಬೇಕು, ಪೈಕ್ ಸೆಳೆಯೋಕೆ ದಾರದಲ್ಲಿ ಇಳಿಬಿಟ್ಟ ಮರದ ಹುಸಿಮೀನು ಸುತ್ತೋದು ಕಾಣಬೇಕು. ಕದಡಿದ ನೀರಾದರೆ ಪೈಕ್ ಬಂದು ಹೋದದ್ದೂ ಗೊತ್ತಾಗಲ್ಲ.

ನಡೆದು ಹೋಗೋಕೆ 4 ಇಂಚು ಹೊಸ ಗಟ್ಟಿ ಗಡ್ಡೆ ಸಾಕು, ಪಿಕಪ್ ಇಳಿಸೋಕೆ 13 ಇಂಚಾದರೂ ಬೇಕು. ಗಡ್ಡೆ ಅಷ್ಟಿಲ್ಲದಿದ್ದರೆ ಗುಡಾರಗಳನ್ನು ಎಳೆದುಕೊಂಡೇ ಹೋಗಬೇಕು, ಅದಕ್ಕೇ ದಡಕ್ಕೆ ಹತ್ತಿರದ ಜಾಗ ಇದ್ದರೆ ಒಳ್ಳೆಯದು. ಈಟಿಗೆ ನಿಷೇಧವಿರುವ ಕೆರೆ ಹೇಳಿಬಿಡಬೇಡಿ ಮತ್ತೆ! ಗುಟ್ಟಿನ ಜಾಗವಾದರೆ ಇನ್‌ಬಾಕ್ಸ್‌ಗೆ ಹಾಕಿ, ಯಾರಿಗೂ ಹೇಳಲ್ಲ.