ಬಾಕೋಲೊಡ್ ಸುತ್ತಮುತ್ತ ಏನು ನೋಡಬಹುದು? ಹೋಗಿ ಬಂದವರು ಹೇಳಿ

ಪ್ರಶ್ನೆ: ಸಕ್ಕರೆ ಕಾರ್ಖಾನೆಯ ಬಾಯ್ಲರ್ ಕೆಲಸಕ್ಕೆ ಫಿಲಿಪ್ಪೀನ್ಸ್‌ನ ನೆಗ್ರೋಸ್ ಓಕ್ಸಿಡೆಂಟಲ್ ಪ್ರಾಂತ್ಯಕ್ಕೆ ಹೋಗಬೇಕಾಗಿದೆ. ಬಾಕೋಲೊಡ್‌ನಲ್ಲಿ ಉಳಿದುಕೊಳ್ಳುತ್ತೇನೆ, ಭಾನುವಾರ ಬಿಡುವು. ಯಾವ ಊರು ನೋಡಲಿ? ಅಲ್ಲಿಯ ಜನಜೀವನ ಹೇಗೆ?

ಕಾರ್ಖಾನೆ ಕೆಲಸಕ್ಕೆ ಹೋಗಿದ್ದವರು: ಯಾವ ತಿಂಗಳು ಅಂತ ಮೊದಲು ವಿಚಾರಿಸಿ ಸರ್. ಸೆಪ್ಟೆಂಬರ್ ಹೊತ್ತಿಗೆ ಕಬ್ಬು ನುರಿಸೋದು ಶುರುವಾದರೆ ಏಪ್ರಿಲ್, ಮೇ ತನಕ ನಡೆಯುತ್ತದೆ. ಆಗ ರಸ್ತೆ ತುಂಬ ಕಬ್ಬಿನ ಲಾರಿ, ಅಂಗಡಿಗಳಲ್ಲಿ ವ್ಯಾಪಾರ. ಆಮೇಲೆ ಬರೋದು ‘ತಿಯೆಂಪೊ ಮುಯೆರ್ತೊ’, ಅಂದರೆ ಕೂಲಿ ಇಲ್ಲದ ಕಾಲ. ತೋಟದ ಆಳುಗಳು ಸಾಲ ಬರೆಸಿ ಅಕ್ಕಿ ತರುತ್ತಾರೆ, ಹಂಗಾಮು ಶುರುವಾದ ಮೇಲೆ ತೀರಿಸುತ್ತಾರೆ. ಬಾಯ್ಲರ್ ರಿಪೇರಿ ಅಂದರೆ ನಿಮ್ಮನ್ನು ಕರೆಸೋದು ಬಹುಶಃ ಈ ಸಮಯಕ್ಕೇ.

ಕಬ್ಬಿನ ಲೆಕ್ಕಾಚಾರವೂ ಬೇರೆ. ನಮ್ಮಲ್ಲಿ ಟನ್ನಿಗೆ ಇಷ್ಟು ಅಂತ ಬಿಲ್ ಆಗುತ್ತದೆ ಅಲ್ವಾ? ಅಲ್ಲಿ ಬಂದ ಸಕ್ಕರೆಯನ್ನೇ ಹಂಚಿಕೊಳ್ಳುತ್ತಾರೆ. ಸುಮಾರು ಮೂರರಲ್ಲೊಂದು ಪಾಲು ಕಾರ್ಖಾನೆಗೆ, ಮಿಕ್ಕಿದ್ದು ಬೆಳೆಗಾರನಿಗೆ. ಆದರೆ ಅವನ ಕೈಗೆ ಮೂಟೆ ಬರೋದಿಲ್ಲ. ಗೋದಾಮಿನಲ್ಲಿ ಇಷ್ಟು ಸಕ್ಕರೆ ನಿನ್ನದು ಅನ್ನೋ ಚೀಟಿ ಬರುತ್ತದೆ, ಅದಕ್ಕೆ ಕ್ವೆದಾನ್ ಅಂತಾರೆ. ಅದನ್ನು ವ್ಯಾಪಾರಿಗೆ ಮಾರಬೇಕು. ಕಬ್ಬು ಕಳಿಸಿಯಾದ ಮೇಲೆ ದರ ಬಿದ್ದರೂ ಪೆಟ್ಟು ಅವನಿಗೇ. ಕ್ಯಾಂಟೀನಿನಲ್ಲಿ ಕೂತರೆ ಈ ವಾರದ ದರದ್ದೇ ಮಾತು.

ಮನೆಯವರ ಜೊತೆ ಸುತ್ತಿ ಬಂದವರು: ಸಿಲಾಯ್ ಬಿಡಬೇಡಿ. ವಿಮಾನ ಇಳಿಯೋದೂ ಅಲ್ಲೇ. 19ನೇ ಶತಮಾನದಲ್ಲಿ ಅಲ್ಲಿ ಕಬ್ಬಿನ ತೋಟ ಮಾಡಿದವರಲ್ಲಿ ಫ್ರಾನ್ಸಿನಿಂದ ಬಂದ ಗ್ಯಾಸ್ತೋನ್ ಮೊದಲಿಗರು. ಅವರ ಮಗ ಕಟ್ಟಿಸಿದ ದೊಡ್ಡ ಮನೆ ಈಗ ‘ಬಾಲಾಯ್ ನೆಗ್ರೆನ್ಸೆ’ ಮ್ಯೂಸಿಯಂ. ದೊಡ್ಡ ಕಿಟಕಿಯ ಕೆಳಗೆ ಗಾಳಿಗೆಂದೇ ಇನ್ನೊಂದು ಪುಟ್ಟ ಕಿಟಕಿ ಇಟ್ಟಿದ್ದಾರೆ, ಗಮನಿಸಿ. ಸೆಕೆಯ ಊರಲ್ಲಿ ಎಂಥಾ ಉಪಾಯ!

ತಾಲಿಸಾಯ್‌ನ ‘ದಿ ರೂಯಿನ್ಸ್’ಗೆ ಸಂಜೆ ಹೋಗಿ. ಸಕ್ಕರೆ ಸಾಹುಕಾರ ಮರಿಯಾನೊ ಲಾಕ್ಸನ್ ತೀರಿಕೊಂಡ ಹೆಂಡತಿಯ ನೆನಪಿಗೆ ಕಟ್ಟಿಸಿದ ಬಂಗಲೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಬಂದು ಕೂರಬಾರದು ಅಂತ ಅಲ್ಲಿಯ ಗೆರಿಲ್ಲಾಗಳೇ ಬೆಂಕಿಯಿಟ್ಟರು. ಕಂಬ, ಗೋಡೆ ಮಾತ್ರ ಉಳಿದಿವೆ. ಟಿಕೆಟ್ ಇದೆ, ಫೋಟೋ ತೆಗೆಯೋರ ಗಲಾಟೆಯೂ ಜಾಸ್ತಿ.

ಪಿಯಾಯಾ ತಿನ್ನಿ. ಒಳಗೆ ಕಂದು ಸಕ್ಕರೆಯ ಹೂರಣ, ಮೇಲೆ ಎಳ್ಳು, ಕಾವಲಿಯಲ್ಲಿ ಬೇಯಿಸೋದು. ನಮ್ಮ ಒಬ್ಬಟ್ಟಿನ ದೂರದ ನೆಂಟ ಅನ್ನಿ. ಹಿಟ್ಟಿಗೆ ಹಂದಿ ಕೊಬ್ಬು ಹಾಕುವುದೂ ಉಂಟು. ಸಸ್ಯಾಹಾರಿಗಳು ಕೇಳಿ ತಗೊಳ್ಳಿ.

ಮೇಷ್ಟ್ರೊಬ್ಬರು: ಬಂಗಲೆ ನೋಡಿ, ಬೇಡ ಅನ್ನಲ್ಲ. ಆದರೆ ಅದರ ದುಡ್ಡು ಬಂದದ್ದು ಸಕಾಡಗಳ ಬೆವರಿಂದ. ಪಕ್ಕದ ಪನಾಯ್ ದ್ವೀಪದಿಂದ ಕಟಾವಿಗೆ ಬರುವ ಗ್ಯಾಂಗಿನವರು ಇವರು. 1980ರ ದಶಕದಲ್ಲಿ ಸಕ್ಕರೆ ದರ ನೆಲಕಚ್ಚಿತು. ಎಲ್ಲೆಲ್ಲೂ ಕಬ್ಬೇ, ತಿನ್ನೋಕೆ ಬೇರೆ ಬೆಳೆ ಇಲ್ಲ. 1985ರ ಹೊತ್ತಿಗೆ ಮಕ್ಕಳು ಹಸಿವಿನಿಂದ ಸಾಯುವಂತಾಯಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ಇದೇ ಪ್ರಾಂತ್ಯದ ಎಸ್ಕಲಾಂತೆಯಲ್ಲಿ ಪ್ರತಿಭಟನೆಗೆ ಕೂತವರ ಮೇಲೆ ಸರ್ಕಾರಿ ಪಡೆಯವರು ಗುಂಡು ಹಾರಿಸಿ 20 ಜನರನ್ನು ಕೊಂದರು. ಬಾಕೋಲೊಡ್‌ನಲ್ಲಿ ಅಕ್ಟೋಬರ್‌ನಲ್ಲಿ ನಡೆಯೋ ಮಸ್ಕಾರಾ ಹಬ್ಬದ ನಗುವ ಮುಖವಾಡಗಳೂ 1980ರ ಕಷ್ಟದ ದಿನಗಳಲ್ಲೇ ಶುರುವಾದವು.

1988ರ ಭೂಸುಧಾರಣೆ ಕಾಯ್ದೆಯಿಂದ ಜಮೀನು ಸಿಕ್ಕವರಲ್ಲಿ ಅನೇಕರು ಬಂಡವಾಳ ಇಲ್ಲದೆ ಅದನ್ನು ಮತ್ತೆ ಗುತ್ತಿಗೆಗೆ ಕೊಟ್ಟಿದ್ದಾರೆ. ಓದಿದ ಹುಡುಗರು ಬಾಕೋಲೊಡ್‌ನ ಕಾಲ್ ಸೆಂಟರ್‌ಗಳಲ್ಲಿದ್ದಾರೆ. ಸಾನ್ ಕಾರ್ಲೋಸ್‌ನಲ್ಲಿ ಕಬ್ಬಿನಿಂದ ಎಥನಾಲ್ ಮಾಡುತ್ತಾರೆ, ಸೋಲಾರ್ ಕೂಡ ಬಂದಿದೆ. ಆದರೂ ದೇಶದ ಅರ್ಧಕ್ಕಿಂತ ಜಾಸ್ತಿ ಸಕ್ಕರೆ ಇವತ್ತಿಗೂ ಈ ನೆಗ್ರೋಸ್ ದ್ವೀಪದ್ದೇ.

ಇನ್ನೊಬ್ಬರು: ವಿಕ್ಟೋರಿಯಾಸ್ ಕಾರ್ಖಾನೆ ಆವರಣದ ಚರ್ಚ್ ಸೇರಿಸಿಕೊಳ್ಳಿ. ಗೋಡೆ ತುಂಬ ಕೆಂಡಾಮಂಡಲವಾದ ಯೇಸುವಿನ ಚಿತ್ರ! 1950ರಲ್ಲಿ ಬರೆದವರು ಕಾರ್ಖಾನೆ ಸ್ಥಾಪಕರ ಮಗ ಅಲ್ಫೋನ್ಸೊ ಒಸ್ಸೊರಿಯೊ. ಭಾಷೆ ಹಿಲಿಗಾಯ್ನೊನ್, ಇಂಗ್ಲಿಷ್‌ನಲ್ಲೂ ಕೆಲಸ ನಡೆಯುತ್ತದೆ. ಕನ್ಲಾವೊನ್ ಜ್ವಾಲಾಮುಖಿ 2024ರಲ್ಲೂ ಸಿಡಿದಿದೆ. ಅದರ ತಪ್ಪಲಿನ ಲಾ ಕಾರ್ಲೋಟಾ ಕಡೆ ಹೊರಡುವ ಮುಂಚೆ ಒಮ್ಮೆ ಸುದ್ದಿ ನೋಡಿಕೊಳ್ಳಿ.