ರೋಮ್‌ನ ಟರ್ಮಿನಿ ನಿಲ್ದಾಣದ ಬಳಿ ಒಳ್ಳೆಯ ಊಟ, ಕಾಫಿ ಎಲ್ಲಿ?

ಪ್ರಶ್ನೆ:
ಟರ್ಮಿನಿ ರೈಲು ನಿಲ್ದಾಣದ ಸಮೀಪದ ಹೋಟೆಲೊಂದರಲ್ಲಿ ನಾಲ್ಕು ದಿನ ತಂಗಲಿದ್ದೇವೆ. ಪ್ರವಾಸಿಗರಿಗಾಗಿಯೇ ನಡೆಸುವ ಉಪಾಹಾರಗೃಹಗಳನ್ನು ಬಿಟ್ಟು, ಸ್ಥಳೀಯರು ಹೋಗುವಂಥ ಜಾಗಗಳನ್ನು ತಿಳಿಸುವಿರಾ? ನನ್ನ ಪತ್ನಿ ಸಸ್ಯಾಹಾರಿ.

ಉತ್ತರ 1:
ನಿಲ್ದಾಣದ ಎದುರಿನ ಬೀದಿಗಳಲ್ಲಿ, ಚಿತ್ರಸಹಿತ ಮೆನು ಹಿಡಿದು ಬಾಗಿಲಲ್ಲೇ ಕರೆಯುವ ಕಡೆ ದಯವಿಟ್ಟು ಹೋಗಬೇಡಿ. ನಡೆದೇ ತಲುಪಬಹುದಾದ ಮೋಂಟಿ ಬಡಾವಣೆಯ ಕಿರುಗಲ್ಲಿಗಳಲ್ಲಿ ಹುಡುಕಿ. ಇನ್ನೂ ಉತ್ತಮವೆಂದರೆ, ಮೆಟ್ರೋ ಬಿ ಮಾರ್ಗದಲ್ಲಿ ನಾಲ್ಕನೆಯ ನಿಲ್ದಾಣವಾದ ಪಿರಾಮಿಡೆಯಲ್ಲಿ ಇಳಿದು ಟೆಸ್ಟಾಚ್ಚೊಗೆ ನಡೆಯುವುದು; ಹಿಂದೆ ನಗರದ ಕಸಾಯಿಖಾನೆ ಇದ್ದ ಆ ಪ್ರದೇಶದಲ್ಲಿ ರೋಮನ್ ಅಡುಗೆಯ ಹಳೆಯ ಪರಂಪರೆ ಇಂದಿಗೂ ಗಟ್ಟಿಯಾಗಿ ಉಳಿದಿದೆ.

ಉತ್ತರ 2:
ಸಸ್ಯಾಹಾರದ ಬಗ್ಗೆ ಒಂದು ಎಚ್ಚರಿಕೆ. ಕಾರ್ಬೊನಾರಾ, ಅಮಾತ್ರಿಚಾನಾ ಎಂಬ ಪಾಸ್ಟಾ ಖಾದ್ಯಗಳೆರಡರಲ್ಲೂ ಹಂದಿಯ ಕೆನ್ನೆಯ ಮಾಂಸವಿರುತ್ತದೆ. ಚೀಸ್, ಕಾಳುಮೆಣಸು ಹಾಕಿದ ಪಾಸ್ಟಾ ಕಾಚೊ ಎ ಪೆಪೆಯಲ್ಲಿ ಮಾಂಸವಿಲ್ಲ, ಆದರೆ ಅದಕ್ಕೆ ಬಳಸುವ ಪೆಕೊರಿನೊ ರೊಮಾನೊ ಚೀಸನ್ನು ಕುರಿಮರಿಯ ಜಠರದಿಂದ ತೆಗೆದ ರೆನೆಟ್‌ನಿಂದ ಹೆಪ್ಪುಗಟ್ಟಿಸುತ್ತಾರೆ. ಇದನ್ನೂ ತ್ಯಜಿಸುವವರಾದರೆ ಚೀಸ್ ಇಲ್ಲದ ಪಿಜ್ಜಾ ಮರಿನಾರಾ ಕೇಳಬಹುದು.

ಉತ್ತರ 3:
ಕಾಫಿಗೆ ಪುರಾತನ ದೇಗುಲ ಪ್ಯಾಂಥಿಯನ್ ಬಳಿಯ, 1938ರಿಂದ ನಡೆಯುತ್ತಿರುವ ಸಾಂತ್ ಎಉಸ್ತಾಕಿಯೊ ಕಾಫಿಗೃಹ ನನಗೆ ಬಹಳ ಮೆಚ್ಚುಗೆಯಾಯಿತು. ಅಲ್ಲಿ ಸಕ್ಕರೆ ಬೇಡವಾದರೆ ಮೊದಲೇ ಹೇಳಬೇಕು. ಹೋಟೆಲಿನ ಪಕ್ಕದ ಸಾಮಾನ್ಯ ಬಾರ್‌ಗಳನ್ನೂ ಕಡೆಗಣಿಸಬೇಡಿ; ಇಟಲಿಯಲ್ಲಿ ಬಾರ್ ಎಂದರೆ ಮುಖ್ಯವಾಗಿ ಕಾಫಿ ಸಿಗುವ ಸ್ಥಳ. ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ದರ, ಮೇಜಿನಲ್ಲಿ ಕುಳಿತರೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ಬರೀ ‘ಕಫೆ’ ಎಂದು ಕೇಳಿದರೆ ಎಸ್ಪ್ರೆಸೊ ಬರುತ್ತದೆ.